ಕುದುರೆಗೆ ಕಲಿಸುವುದು ಕೈಯೋ, ಪಟ್ಟಿಯೋ?

ಚೌಕದ ನಡುವಿನ ರಾಜನ ಪ್ರತಿಮೆಯಿರಲಿ, ಗೋಡೆಯ ಕ್ಯಾಲೆಂಡರಿನ ಚಿತ್ರವಿರಲಿ, ಕುದುರೆ ಎಂದರೆ ಕಣ್ಣಿಗೆ ಕಟ್ಟುವ ಆಕಾರ ಹೆಚ್ಚುಕಡಿಮೆ ಒಂದೇ. ಕತ್ತು ಬಿಲ್ಲಿನಂತೆ ಬಾಗಿರಬೇಕು, ಗದ್ದ ಎದೆಯ ಕಡೆ ತಿರುಗಿರಬೇಕು, ಹೆಜ್ಜೆ ಎತ್ತೆತ್ತಿ ಇಡುತ್ತಿರಬೇಕು. ತನ್ನ ಪಾಡಿಗೆ ಮೇಯುವ ಕುದುರೆ ಇಡೀ ದಿನ ಹೀಗೆ ನಿಲ್ಲುವುದಿಲ್ಲ. ಹೊಸ ಕುದುರೆಯೊಂದನ್ನು ಕಂಡಾಗಲೋ, ಹುರುಪು ಉಕ್ಕಿದಾಗಲೋ ಕೆಲವು ಕ್ಷಣ ಮಾತ್ರ ಕತ್ತು ಬಾಗಿಸಿ ಮೆರೆಯುತ್ತದೆ. ಆ ಕ್ಷಣದ ಚೆಲುವನ್ನು, ಬೆನ್ನ ಮೇಲೆ ಮನುಷ್ಯನನ್ನು ಹೊತ್ತಿರುವಾಗಲೂ, ಕೇಳಿದಾಗಲೆಲ್ಲ ತೋರುವಂತೆ ಮಾಡುವುದು ಕುದುರೆ ಪಳಗಿಸುವ ವಿದ್ಯೆಯ ದೊಡ್ಡ ಗುರಿ.

ಆ ಗುರಿ ಮುಟ್ಟಲು ಎರಡು ದಾರಿಗಳಿವೆ. ದಿನವೂ ಸ್ವಲ್ಪ ಸ್ವಲ್ಪವೇ ಕಲಿಸುತ್ತ, ಮೈಕಟ್ಟು ಬಲಿತಂತೆ ಮುಂದಿನ ಪಾಠಕ್ಕೆ ಹೋಗುವುದು ಒಂದು. ಇದಕ್ಕೆ ವರ್ಷಗಳೇ ಬೇಕು. ಕುದುರೆಯ ಬಾಯಿಯಿಂದ ಹೊಟ್ಟೆಪಟ್ಟಿಗೆ ಚರ್ಮದ ಪಟ್ಟಿಯೊಂದನ್ನು ಬಿಗಿದು ಕತ್ತನ್ನು ಬೇಕಾದ ಕಡೆ ನಿಲ್ಲಿಸಿಬಿಡುವುದು ಇನ್ನೊಂದು. ಇದಕ್ಕೆ ಕೆಲವು ನಿಮಿಷ ಸಾಕು. ದೂರದಿಂದ ನೋಡಿದವರಿಗೆ ಎರಡೂ ಕುದುರೆಗಳು ಒಂದೇ ಬಗೆಯಾಗಿ ಕಾಣಬಹುದು. ಆದರೆ ಎರಡೂ ಒಂದೇ ಪಾಠ ಕಲಿತಿವೆಯೇ? ಈ ಪ್ರಶ್ನೆಯ ಸುತ್ತ ಯುರೋಪಿನ ಕುದುರೆ ಲಾಯಗಳಲ್ಲಿ ನಾಲ್ಕೈದು ಶತಮಾನಗಳಿಂದ ಜಗಳ ನಡೆದಿದೆ. ಇಂದು ಅದು ಲಾಯದ ಬಾಗಿಲು ದಾಟಿ ಒಲಿಂಪಿಕ್ಸ್ ಅಂಗಳಕ್ಕೂ ಬಂದಿದೆ.

ಬಾಯಿಯೊಳಗಿನ ಭಾಷೆ

ಕುದುರೆಯ ಮುಂಬಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಒಂದು ಖಾಲಿ ಜಾಗವಿದೆ. ಅಲ್ಲಿ ತೆಳುವಾದ ಒಸಡಿನ ಕೆಳಗೆ ನೇರವಾಗಿ ಮೂಳೆ. ಕಡಿವಾಣವೆಂಬ ಲೋಹದ ತುಂಡು ನಾಲಿಗೆಯ ಮೇಲೆ ಹಾದು ಕೂರುವುದು ಇಲ್ಲಿಯೇ. ಅದರ ಎರಡು ತುದಿಗಳಿಂದ ಹೊರಟು ಸವಾರನ ಕೈ ಸೇರುವ ಪಟ್ಟಿ ಲಗಾಮು. ಸುಮಾರು 500 ಕಿಲೋ ತೂಗುವ ಪ್ರಾಣಿಯನ್ನು ಅದರ ಐದನೇ ಒಂದು ಪಾಲೂ ತೂಗದ ಮನುಷ್ಯ ನಡೆಸುವುದು ಸಾಧ್ಯವಾಗಿರುವುದಕ್ಕೆ, ಆ ಜಾಗ ಅಷ್ಟು ಸೂಕ್ಷ್ಮವಾಗಿರುವುದೂ ಒಂದು ಕಾರಣ.

ಕುದುರೆ ಕಲಿಯುವ ಬಗೆಯೂ ಗಮನಿಸತಕ್ಕದ್ದು. ಸವಾರ ಲಗಾಮನ್ನು ಹಗುರವಾಗಿ ಹಿಡಿಯುತ್ತಾನೆ, ಬಾಯಿಗೆ ಒತ್ತಡ ತಗಲುತ್ತದೆ. ಕುದುರೆ ನಿಂತೊಡನೆ ಅವನು ಕೈ ಸಡಿಲಿಸುತ್ತಾನೆ. ನಿಂತರೆ ನೆಮ್ಮದಿ ಎಂಬುದು ಅದಕ್ಕೆ ತಿಳಿಯುವುದು ಒತ್ತಡ ಬಿದ್ದಾಗ ಅಲ್ಲ, ಒತ್ತಡ ತೊಲಗಿದ ಕ್ಷಣದಲ್ಲಿ. ಸಡಿಲಿಸುವುದು ತಡವಾದರೆ ಪಾಠ ಗೋಜಲಾಗುತ್ತದೆ. ಸಡಿಲಿಸದೇ ಹೋದರೆ ಕುದುರೆ ಒಂದೋ ಮೊಂಡಾಗುತ್ತದೆ, ಇಲ್ಲವೇ ಭಯಬೀಳುತ್ತದೆ. ಅನುಭವಿ ಸವಾರರು ಬಿಡುವ ಕೈಯನ್ನು ಹಿಡಿಯುವ ಕೈಗಿಂತ ಹೆಚ್ಚಾಗಿ ಹೊಗಳುವುದು ಈ ಕಾರಣಕ್ಕೆ.

ಇನ್ನು ಪಟ್ಟಿಗಳ ವಿಷಯ. ಕಡಿವಾಣದ ಎರಡು ಪಕ್ಕದಿಂದ ಹೊಟ್ಟೆಪಟ್ಟಿಗೆ ಕಟ್ಟುವುದಕ್ಕೆ ಸೈಡ್ ರೈನ್ ಎನ್ನುತ್ತಾರೆ. ಹೊಟ್ಟೆಪಟ್ಟಿಯಿಂದ ಹೊರಟು ಕಡಿವಾಣದ ಬಳೆಯೊಳಗೆ ತೂರಿ ಸವಾರನ ಕೈಗೆ ಮರಳುವುದು ಡ್ರಾ ರೈನ್. ಇದು ಬಾವಿಯ ರಾಟೆಗೆ ಹತ್ತಿರದ ಏರ್ಪಾಡು. ಚಲಿಸುವ ರಾಟೆಯಂತೆ ಇಲ್ಲಿಯೂ ಕೈ ಎಳೆದ ಬಲ ಸುಮಾರು ಇಮ್ಮಡಿಯಾಗಿ ಬಾಯಿಗೆ ತಲುಪುತ್ತದೆ. ಶಾಂಬೋನ್ ಎಂಬ ಫ್ರೆಂಚ್ ಸಾಧನದ ಹಗ್ಗ ಎದೆಯ ಕೆಳಗಿನಿಂದ ಬಂದು ಕಿವಿಗಳ ಹಿಂದಿನ ನೆತ್ತಿಯ ಭಾಗವನ್ನು ಹಾದು ಕಡಿವಾಣಕ್ಕೆ ಸೇರುತ್ತದೆ. ಕುದುರೆ ತಲೆ ಎತ್ತಿದರೆ ನೆತ್ತಿಗೆ ಒತ್ತುತ್ತದೆ, ಇಳಿಸಿದರೆ ಬಿಡುತ್ತದೆ. ಬ್ರೆಜಿಲಿನ ಪ್ರಸಿದ್ಧ ಸವಾರ ನೆಲ್ಸನ್ ಪೆಸ್ಸೋವಾ ಅವರ ಹೆಸರಿನ ಇನ್ನೊಂದು ಸಾಧನದಲ್ಲಿ ಹಗ್ಗ ಹಿಂದೊಡೆಗಳನ್ನು ಬಳಸಿಕೊಂಡು ಬಾಯಿಯವರೆಗೆ ಬರುತ್ತದೆ. ಹೆಸರು ಹಲವಾದರೂ ತತ್ವ ಒಂದೇ: ಸವಾರನ ಕೈ ಮಾಡಬೇಕಾದ ಕೆಲಸದ ಒಂದು ಭಾಗವನ್ನು ಪಟ್ಟಿಗೆ ವಹಿಸುವುದು.

ಕತ್ತು ಬಾಗುವುದು ಫಲ, ಬೇರಲ್ಲ

ನಿಂತ ಕುದುರೆಯ ಮೈಭಾರದಲ್ಲಿ ಐದನೇ ಮೂರು ಪಾಲಿನಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಉದ್ದ ಕತ್ತು, ಭಾರದ ತಲೆ ಎರಡೂ ಮುಂದಕ್ಕೆ ಚಾಚಿರುವುದೇ ಕಾರಣ. ಬೆನ್ನ ಮೇಲೆ ಮನುಷ್ಯ ಕುಳಿತರೆ ಮುಂಗಾಲಿನ ಹೊರೆ ಇನ್ನೂ ಏರುತ್ತದೆ. ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ಹೆಚ್ಚು ತಂದು ಅಲ್ಲಿ ಭಾರ ಹೊರುವಂತೆ ಕುದುರೆಯನ್ನು ಬಲಪಡಿಸುವುದು ತರಬೇತಿಯ ತಿರುಳು. ಹಿಂಭಾಗ ಕುಗ್ಗಿ ಭಾರ ಹೊತ್ತಾಗ ಬೆನ್ನು ಮೇಲೇಳುತ್ತದೆ, ಭುಜ ಹಗುರಾಗುತ್ತದೆ, ಕತ್ತು ತಾನಾಗಿ ಬಾಗುತ್ತದೆ. ಎಂದರೆ ಬಾಗಿದ ಕತ್ತು ಕೊನೆಗೆ ಬರುವ ಫಲ.

ಜರ್ಮನ್ ಅಶ್ವದಳದ ಪರಂಪರೆಯಿಂದ ಬಂದ ತರಬೇತಿ ಕ್ರಮದಲ್ಲಿ ಆರು ಮೆಟ್ಟಿಲುಗಳಿವೆ: ಹೆಜ್ಜೆಯ ಲಯ, ಮೈ ಸಡಿಲ, ಕಡಿವಾಣದೊಡನೆ ಹೊಂದಾಣಿಕೆ, ಹಿಂಗಾಲಿನ ಚಿಮ್ಮು, ನೇರ ನಡಿಗೆ, ಕೊನೆಗೆ ಮೈ ಒಗ್ಗೂಡಿಸುವುದು. ಪಟ್ಟಿಯಿಂದ ಕತ್ತನ್ನು ಮೊದಲೇ ಬಾಗಿಸುವವನು ಆರನೇ ಮೆಟ್ಟಿಲ ನೋಟವನ್ನು ಮೊದಲನೇ ದಿನವೇ ಪಡೆದಂತೆ ಕಾಣುತ್ತಾನೆ. ನೋಟ ಬಂದಿರುತ್ತದೆ, ಅದನ್ನು ಹೊರಬೇಕಾದ ಹಿಂಗಾಲಿನ ಬಲ ಬಂದಿರುವುದಿಲ್ಲ. ವಿರೋಧಿಗಳ ಮೂಲ ತಕರಾರು ಇದು.

ಹಳೆಯ ಜಗಳದ ಹೆಜ್ಜೆಗಳು

ಕುದುರೆ ತರಬೇತಿಯ ಬಗ್ಗೆ ಇಂದು ಉಳಿದಿರುವ ಅತಿ ಹಳೆಯ ಬರಹಗಳಲ್ಲೊಂದು ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ, ಹಿಟ್ಟೈಟರ ರಾಜಧಾನಿಯ ಅವಶೇಷಗಳ ನಡುವೆ ಸಿಕ್ಕ ಮಣ್ಣಿನ ಫಲಕಗಳಲ್ಲಿದೆ. ಕ್ರಿ.ಪೂ. 14ನೇ ಶತಮಾನದ ಹೊತ್ತಿನ ಇದರ ಕರ್ತೃ ಮಿತನ್ನಿ ನಾಡಿನ ಕಿಕ್ಕುಲಿ. ರಥದ ಕುದುರೆಗಳನ್ನು ಎಷ್ಟು ದೂರ ಓಡಿಸಬೇಕು, ಯಾವಾಗ ಮೇವು ಕೊಡಬೇಕು, ಯಾವಾಗ ಮೀಯಿಸಬೇಕು ಎಂದು ತಿಂಗಳುಗಟ್ಟಲೆ ದಿನಚರಿಯನ್ನೇ ಆತ ಬರೆಸಿದ್ದಾನೆ. ಸುತ್ತುಗಳ ಎಣಿಕೆಗೆ ಅವನು ಬಳಸುವ ಐಕ, ತೇರ, ಪಂಜ, ಸತ್ತ, ನಾವ ಎಂಬ ಪದಗಳು ಸಂಸ್ಕೃತದ ಏಕ, ತ್ರಿ, ಪಂಚ, ಸಪ್ತ, ನವಗಳ ನೆಂಟರು. ಈ ಮೊದಲ ಪಠ್ಯವನ್ನು ತುಂಬಿರುವುದು ಅವಸರವಿಲ್ಲದ ದಿನಗಳ ಲೆಕ್ಕ.

ಸವಾರಿಯ ಬಗ್ಗೆ ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಬರೆದ ಗ್ರೀಕ್ ಸೇನಾನಿ ಕ್ಸೆನೊಫೋನನನ್ನು ಮೃದು ತರಬೇತಿಯ ಮೂಲಪುರುಷನೆಂದು ಇಂದಿಗೂ ನೆನೆಯುತ್ತಾರೆ. ಬಲವಂತದಿಂದ ಮಾಡಿಸಿದ್ದರಲ್ಲಿ ಕುದುರೆಗೆ ತಿಳಿವಳಿಕೆಯೂ ಇರದು, ನೋಡುವವರಿಗೆ ಚೆಲುವೂ ಇರದು ಎಂಬುದು ಅವನ ನಿಲುವು. ಹಾಗೆಂದು ಅವನು ಸಾಧನಗಳನ್ನೇ ಬೇಡವೆಂದವನಲ್ಲ. ಸವಾರನ ಬಳಿ ಒರಟು ಕಡಿವಾಣ ಒಂದು, ನಯವಾದುದು ಒಂದು, ಹೀಗೆ ಎರಡಿರಬೇಕೆಂದು ಹೇಳಿದವನೂ ಅವನೇ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ ಮಾತ್ರವಲ್ಲದೆ ಕುದುರೆಯೇರಿ ಆಡುವ ಚೆಂಡಾಟದ ವಿವರವೂ ಇದೆ. ಓಡುತ್ತಲೇ ತಿರುಗಿ, ತಟ್ಟನೆ ನಿಂತು, ಮತ್ತೆ ಚಿಮ್ಮಬೇಕಾದ ಆ ಆಟ ನುರಿತ ಕುದುರೆಗಳಿಲ್ಲದೆ ಆಗುವಂಥದಲ್ಲ.

ಇಂದಿನ ಜಗಳಕ್ಕೆ ಮೊದಲಾದದ್ದು ಇಟಲಿಯಲ್ಲಿ. ನೇಪಲ್ಸಿನ ಫೆಡೆರಿಕೊ ಗ್ರಿಸೋನೆ 1550ರಲ್ಲಿ ಪ್ರಕಟಿಸಿದ ಪುಸ್ತಕ ಯುರೋಪಿನ ಅರಮನೆಗಳಲ್ಲೆಲ್ಲ ಓದಿಸಿಕೊಂಡಿತು. ಹಗುರ ಕೈ ಬೇಕೆಂದು ಹೇಳುವ ಅದೇ ಪುಸ್ತಕ ಹಟಮಾರಿ ಕುದುರೆಗೆ ಕಠೋರ ಶಿಕ್ಷೆಗಳನ್ನೂ ಸೂಚಿಸುತ್ತದೆ. ಮುಂದಿನ ತಲೆಮಾರುಗಳ ಒಲವು ಮೃದುತನದ ಕಡೆ ಸರಿಯಿತು. ಫ್ರಾನ್ಸಿನ 13ನೇ ಲೂಯಿಗೆ ಸವಾರಿ ಕಲಿಸಿದ ಆಂತ್ವಾನ್ ದ ಪ್ಲುವಿನೆಲ್, ಕುದುರೆಯ ಬುದ್ಧಿಗೆ ಕೆಲಸ ಕೊಡಬೇಕೆಂದು ವಾದಿಸಿದ. ಅವನ ಪುಸ್ತಕ ಬಂದದ್ದು ಅವನು ತೀರಿಕೊಂಡ ಮೇಲೆ, 1623ರಲ್ಲಿ. ತಮಾಷೆಯೆಂದರೆ, ಕುದುರೆಯನ್ನು ಎರಡು ಕಂಬಗಳ ನಡುವೆ ಕಟ್ಟಿ ಅಭ್ಯಾಸ ಮಾಡಿಸುವ ಕ್ರಮವನ್ನು ಜನಪ್ರಿಯಗೊಳಿಸಿದವನೂ ಅವನೇ. ಮೃದು ಗುರುವಿಗೂ ಹಗ್ಗ ಬೇಕಾಗಿತ್ತು.

ಡ್ರಾ ರೈನಿಗೆ ಹತ್ತಿರದ ಪಟ್ಟಿಯನ್ನು ಪ್ರಚಾರಕ್ಕೆ ತಂದವನು ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರಭು ವಿಲಿಯಂ ಕ್ಯಾವೆಂಡಿಶ್. ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟ ಈತ ಆಂಟ್ವರ್ಪಿನಲ್ಲಿ, ಚಿತ್ರಕಾರ ರೂಬೆನ್ಸನದಾಗಿದ್ದ ಮನೆಯಲ್ಲಿ ನೆಲೆಸಿ ಸವಾರಿ ಶಾಲೆ ನಡೆಸಿದ. 1658ರಲ್ಲಿ ತನ್ನ ಪದ್ಧತಿಯನ್ನು ಗ್ರಂಥವಾಗಿಸಿದ. ಅವನ ಕುದುರೆಗಳು ವೃತ್ತದಲ್ಲಿ ಕತ್ತು ಒಳಕ್ಕೆ ಬಾಗಿಸಿ ನಡೆಯುತ್ತಿದ್ದವು. ಫ್ರಾನ್ಸಿನ ಫ್ರಾಂಸ್ವಾ ರೊಬಿಶೋನ್ ದ ಲಾ ಗೆರಿನಿಯೇರ್ ಅವನನ್ನು ಬಹಳ ಗೌರವಿಸುತ್ತಿದ್ದ. ಆದರೂ ಆ ವೃತ್ತದ ಅಭ್ಯಾಸ ಕುದುರೆಯ ಭಾರವನ್ನು ಭುಜದ ಮೇಲೆ ಹಾಕುತ್ತದೆಂದು ಕಂಡು, ಗೋಡೆಯ ಪಕ್ಕದ ನೇರ ದಾರಿಯಲ್ಲಿ ಭುಜವನ್ನು ತುಸು ಒಳಕ್ಕೆ ತಂದು ನಡೆಸುವ ಅಭ್ಯಾಸವನ್ನು ರೂಪಿಸಿದ. 1733ರಲ್ಲಿ ಪೂರ್ತಿಯಾಗಿ ಹೊರಬಂದ ಅವನ ಗ್ರಂಥದ ಈ ಅಭ್ಯಾಸವನ್ನು ಇಂದಿಗೂ ಎಲ್ಲ ದೇಶಗಳ ಸವಾರಿ ಶಾಲೆಗಳಲ್ಲಿ ಕಲಿಸುತ್ತಾರೆ. ಪಟ್ಟಿ ಮಾಡಬೇಕೆಂದಿದ್ದ ಕೆಲಸವನ್ನು ಒಂದು ಬಗೆಯ ನಡಿಗೆ ಮಾಡಿತು ಎನ್ನುವುದು ಇದರ ಸಾರ.

ಬೀದಿಗೆ ಬಂದ ಚರ್ಚೆ

ಅಲ್ಲಿಯವರೆಗೆ ಇದು ಅರಮನೆಯ ಸವಾರರ ಮಾತಾಗಿತ್ತು. 19ನೇ ಶತಮಾನದ ಲಂಡನ್ ಅದನ್ನು ಸಾಮಾನ್ಯರ ಮಾತಾಗಿಸಿತು. ಸಾರೋಟಿನ ಕುದುರೆಗಳು ಗತ್ತಿನಿಂದ ತಲೆ ಎತ್ತಿ ನಿಲ್ಲಲೆಂದು ಶ್ರೀಮಂತರು ಬೇರಿಂಗ್ ರೈನ್ ಎಂಬ ಬಿಗಿ ಪಟ್ಟಿ ಹಾಕಿಸುತ್ತಿದ್ದರು. ಇದು ತಲೆಯನ್ನು ಮೇಲಕ್ಕೆ ಎಳೆದು ಹಿಡಿಯುವ ಪಟ್ಟಿ. ದಿಣ್ಣೆ ಹತ್ತುವಾಗ ಕುದುರೆ ತಲೆ ತಗ್ಗಿಸಿ ಮೈಭಾರ ಹಾಕಿ ಎಳೆಯಬೇಕು. ಬೇರಿಂಗ್ ರೈನ್ ಅದಕ್ಕೆ ಬಿಡುತ್ತಿರಲಿಲ್ಲ. ಬಾಲ್ಯದಲ್ಲಿ ಕಾಲಿಗೆ ಪೆಟ್ಟಾಗಿ ಜೀವನವಿಡೀ ಕುದುರೆ ಗಾಡಿಯನ್ನೇ ನೆಚ್ಚಿದ್ದ ಆನ್ನಾ ಸಿವೆಲ್ 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯಲ್ಲಿ ಕುದುರೆಯೇ ತನ್ನ ಕಥೆ ಹೇಳುತ್ತದೆ. ಬೇರಿಂಗ್ ರೈನಿನ ನೋವು ಅದರ ಮುಖ್ಯ ಎಳೆಗಳಲ್ಲೊಂದು. ಮಾರನೇ ವರ್ಷ ಆಕೆ ತೀರಿಕೊಂಡಾಗ, ಶವಯಾತ್ರೆಗೆ ಬಂದ ಕುದುರೆಗಳ ಬೇರಿಂಗ್ ರೈನುಗಳನ್ನು ತಾಯಿ ಬಿಚ್ಚಿಸಿದರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಆ ಪಟ್ಟಿ ಬಳಕೆಯಿಂದ ಮರೆಯಾಗುವುದರಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ಪರವಾದ ಮಾತು

ಸಾಧನಗಳನ್ನು ಬೆಂಬಲಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದಾಗಿ, ಎಲ್ಲ ಸವಾರರ ಕೈಯೂ ನುರಿತ ಕೈಯಲ್ಲ. ಕಲಿಯುವ ಹುಡುಗನ ಕೈ ಪ್ರತಿ ಹೆಜ್ಜೆಗೂ ಕುಲುಕಾಡಿ ಕುದುರೆಯ ಬಾಯಿಗೆ ಏಟು ಹಾಕುತ್ತದೆ. ಅದಕ್ಕಿಂತ ಸರಿಯಾದ ಉದ್ದಕ್ಕೆ ಹಾಕಿದ, ಅಲುಗಾಡದ ಪಟ್ಟಿಯೇ ಮೇಲು. ಕುದುರೆ ಬಾಯಿ ಬಿಟ್ಟುಕೊಟ್ಟೊಡನೆ ಪಟ್ಟಿ ತಾನೇ ಸಡಿಲವಾಗುತ್ತದೆ. ಸಿಟ್ಟು, ದಣಿವು, ಮರೆವು ಅದಕ್ಕಿಲ್ಲ. ಎರಡನೆಯದಾಗಿ, ಸವಾರನಿಲ್ಲದೆ ಉದ್ದ ಹಗ್ಗದಲ್ಲಿ ವೃತ್ತಾಕಾರವಾಗಿ ಓಡಿಸುವಾಗ ಎಳೆಯ ಕುದುರೆಗೆ ಕಡಿವಾಣದ ಪರಿಚಯ ಮಾಡಿಸಲು ಅದು ಅನುಕೂಲ. ಮೂರನೆಯದಾಗಿ, ತಪ್ಪು ತರಬೇತಿಯಿಂದ ತಲೆ ಎತ್ತಿ ಬೆನ್ನು ಕುಸಿಸಿ ಓಡುವುದನ್ನು ರೂಢಿ ಮಾಡಿಕೊಂಡ ಕುದುರೆಗೆ ತಲೆ ಇಳಿಸಿದರೆ ಸುಖವಿದೆಯೆಂದು ತೋರಿಸಿಕೊಡಲು ನುರಿತವರ ಕೈಯಲ್ಲಿ ಇವು ನೆರವಾಗುತ್ತವೆ.

ಇದಕ್ಕೆ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಸಾಕ್ಷಿ. 1565ರಿಂದ ದಾಖಲೆಗಳಿರುವ, 2015ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ ವಿದ್ಯೆ ಅಲ್ಲಿಯದು. ಬಿಳಿಯ ಲಿಪಿಜಾನರ್ ಕುದುರೆಗಳಿಗೆ ಅಲ್ಲಿಯೂ ಆರಂಭದಲ್ಲಿ ಸೈಡ್ ರೈನ್ ಉಂಟು. ಆದರೆ ಅದರ ಜೊತೆಗೆ ಇನ್ನೆರಡು ಕಟ್ಟಳೆಗಳೂ ಉಂಟು. ಕುದುರೆ ಪೂರ್ತಿ ಪಳಗಲು ವರ್ಷಗಟ್ಟಲೆ ಕಾಯುತ್ತಾರೆ. ಹೊಸ ಸವಾರರನ್ನೋ, ಲಗಾಮು, ಅಂಕವಡಿ ಎರಡೂ ಕೊಡದೆ ಉದ್ದ ಹಗ್ಗದ ಕುದುರೆಯ ಮೇಲೆ ದೀರ್ಘಕಾಲ ಕೂರಿಸುತ್ತಾರೆ. ಲಗಾಮು ಹಿಡಿದು ನೇತಾಡದೆ ಕೂರಲು ಬಂದ ಮೇಲೆ ಮಾತ್ರ ಅವರ ಕೈಗೆ ಕುದುರೆಯ ಬಾಯಿ ಸಿಗುತ್ತದೆ. ಕುದುರೆಗಿಂತ ಮೊದಲು ಪಳಗಬೇಕಾದವನು ಮನುಷ್ಯ ಎಂಬುದು ಅಲ್ಲಿನ ನಂಬಿಕೆ.

ವಿರೋಧದ ಮಾತು, ಅಳತೆಯ ಕಾಲ

ವಿರೋಧಿಗಳು ಕೇಳುವುದು ಇದನ್ನೇ: ಪಟ್ಟಿ ಕೊಳ್ಳುವ ಎಷ್ಟು ಮಂದಿಗೆ ಆ ತಾಳ್ಮೆಯಿದೆ? ಬಿಗಿಯಾಗಿ ಕಟ್ಟಿದ ಕುದುರೆ ಕಡಿವಾಣದಿಂದ ತಪ್ಪಿಸಿಕೊಳ್ಳಲು ಗದ್ದವನ್ನು ಎದೆಗೆ ಒತ್ತಿಕೊಳ್ಳುವ ಉಪಾಯ ಕಲಿಯುತ್ತದೆ. ನೋಡುವವರಿಗೆ ಅದು ವಿಧೇಯತೆಯಾಗಿ ಕಾಣುತ್ತದೆ. ಆ ಭಂಗಿಯಲ್ಲಿ ಕುದುರೆಗೆ ಮುಂದಿನ ದಾರಿ ಸರಿಯಾಗಿ ಕಾಣದು, ಕಾಲ ಬುಡದ ನೆಲ ಮಾತ್ರ ಕಂಡೀತು. ಕುದುರೆ ಬಾಯಿಯಿಂದ ಉಸಿರಾಡುವ ಪ್ರಾಣಿಯಲ್ಲ. ಗಂಟಲು ಮಡಿಸಿದಂತೆ ಮೂಗಿನ ಉಸಿರಿನ ಹಾದಿಯೂ ಇಕ್ಕಟ್ಟಾಗುತ್ತದೆ.

ಪಟ್ಟಿಯಿಲ್ಲದೆ ಕೈಯಿಂದಲೇ ಕತ್ತನ್ನು ಅತಿಯಾಗಿ ಬಾಗಿಸುವ ‘ರೋಲ್ಕೂರ್’ ಪದ್ಧತಿ ಬಂದಾಗ ಚರ್ಚೆ ಇನ್ನಷ್ಟು ಕಾವೇರಿತು. ಜರ್ಮನಿಯ ಪಶುವೈದ್ಯ ಗೆರ್ಡ್ ಹಾಯ್ಶ್‌ಮನ್ 2006ರಲ್ಲಿ ಇದರ ವಿರುದ್ಧ ಪುಸ್ತಕ ಬರೆದರು. 2010ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸಭೆ ಕರೆದಾಗ ಸುಮಾರು 41,000 ಸಹಿಗಳ ಮನವಿ ಅಲ್ಲಿಗೆ ತಲುಪಿತ್ತು. ಬಲಪ್ರಯೋಗದಿಂದ ಕತ್ತು ಬಾಗಿಸುವುದು ಸಲ್ಲದು, ಬಲವಿಲ್ಲದೆ ತಗ್ಗಿಸಿ ಬಾಗಿಸುವುದು ಸಲ್ಲುತ್ತದೆ ಎಂದು ಸಭೆ ಗೆರೆ ಎಳೆಯಿತು. ಒಂದೇ ಭಂಗಿಯಲ್ಲಿ ಸುಮಾರು 10 ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂಬ ಮಾರ್ಗಸೂಚಿಯೂ ಬಂತು. ಬಲ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೊರಗಿನಿಂದ ನೋಡುವ ಅಧಿಕಾರಿ ಹೇಗೆ ತಿಳಿಯಬೇಕು? ಈ ತೊಡಕು ಹಾಗೆಯೇ ಉಳಿಯಿತು.

ಕಣ್ಣಂದಾಜು ಸಾಲದಾದಾಗ ಅಳತೆಯ ಕೋಲು ಬಂತು. ಕುದುರೆಯ ಮೂಗಿನ ಸುತ್ತ ಕಟ್ಟುವ ಪಟ್ಟಿಯ ಒಳಗೆ ಎರಡು ಬೆರಳಿನಷ್ಟು ಜಾಗ ಇರಬೇಕೆಂಬುದು ಹಳೆಯ ರೂಢಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಐರ್ಲೆಂಡ್, ಇಂಗ್ಲೆಂಡ್ ಹಾಗೂ ಬೆಲ್ಜಿಯಂಗಳ ಸ್ಪರ್ಧೆಗಳಲ್ಲಿ 750 ಕುದುರೆಗಳ ಮೂಗುಪಟ್ಟಿಯನ್ನು ಅಳೆಯಿತು. ಎರಡು ಬೆರಳಿನ ಜಾಗ ಬಿಟ್ಟದ್ದು ಶೇಕಡಾ 7ರಷ್ಟು ಮಾತ್ರ. ಶೇಕಡಾ 44ರಷ್ಟರಲ್ಲಿ ಒಂದು ಬೆರಳೂ ತೂರುವಂತಿರಲಿಲ್ಲ. ಬಿಗಿದ ಬಾಯಿ ತೆರೆದು ನೋವು ತೋರಿಸಲಾರದು. ತೋರಿಸದ ಕುದುರೆಗೆ ಅಂಕ ಕಡಿತವಿಲ್ಲ. 2025ರಲ್ಲಿ ಒಕ್ಕೂಟ ಎಲ್ಲ ಕಡೆ ಒಂದೇ ಬಗೆಯ ಅಳತೆ ಸಾಧನವನ್ನು ಜಾರಿಗೆ ತಂದಿತು.

ಸಮಯವಿಲ್ಲದವರ ಕ್ರೀಡೆ

ಇದೆಲ್ಲ ಕುದುರೆ ಸಾಕುವವರ ಒಳಜಗಳವೆಂದು ಬಿಡುವಂತಿಲ್ಲ ಎಂಬುದನ್ನು ಎರಡು ಒಲಿಂಪಿಕ್ಸ್‌ಗಳು ತೋರಿಸಿದವು. ಮಾಡರ್ನ್ ಪೆಂಟಾಥ್ಲಾನ್ ಎಂಬ ಐದು ಸ್ಪರ್ಧೆಗಳ ಕ್ರೀಡೆಯಲ್ಲಿ ಸವಾರರಿಗೆ ಚೀಟಿ ಎತ್ತಿ ಅಪರಿಚಿತ ಕುದುರೆ ಕೊಡುತ್ತಿದ್ದರು. ಪರಿಚಯಕ್ಕೆ ಸಿಗುತ್ತಿದ್ದುದು 20 ನಿಮಿಷ. 2021ರಲ್ಲಿ ಟೋಕಿಯೋದಲ್ಲಿ ಮುಂಚೂಣಿಯಲ್ಲಿದ್ದ ಜರ್ಮನ್ ಸ್ಪರ್ಧಿಗೆ ಸಿಕ್ಕ ಕುದುರೆ ಬೆದರಿ ನೆಗೆಯಲು ಒಪ್ಪಲಿಲ್ಲ. ಸವಾರಳ ಕಣ್ಣೀರು, ತರಬೇತುದಾರಳು ಕುದುರೆಗೆ ಗುದ್ದಿದ್ದು, ಎರಡನ್ನೂ ಟಿ.ವಿ.ಯಲ್ಲಿ ಜಗತ್ತು ಕಂಡಿತು. ಪರಿಣಾಮವಾಗಿ 2024ರ ಪ್ಯಾರಿಸ್ ಕೂಟವೇ ಆ ಕ್ರೀಡೆಯಲ್ಲಿ ಕುದುರೆ ಸವಾರಿಯ ಕೊನೆಯ ಒಲಿಂಪಿಕ್ಸ್ ಆಯಿತು. ಪ್ಯಾರಿಸ್ ಕೂಟದ ಹೊಸ್ತಿಲಲ್ಲೇ, ಮೂರು ಚಿನ್ನ ಸೇರಿ ಆರು ಒಲಿಂಪಿಕ್ಸ್ ಪದಕ ಗೆದ್ದಿದ್ದ ಬ್ರಿಟನ್ನಿನ ಶಾರ್ಲೆಟ್ ಡ್ಯುಜಾರ್ಡಿನ್ ಕಣದಿಂದ ಹಿಂದೆ ಸರಿದರು. ಪಾಠ ಹೇಳುವಾಗ ಕುದುರೆಯ ಕಾಲಿಗೆ ಚಾಟಿಯಿಂದ ಪದೇ ಪದೇ ಹೊಡೆದ ಹಳೆಯ ವಿಡಿಯೊ ಹೊರಬಿದ್ದಿತ್ತು. ಒಕ್ಕೂಟ ಅವರಿಗೆ ಒಂದು ವರ್ಷ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು.

ಭಾರತಕ್ಕೂ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ಗಳಿಸಿತು. ಕುದುರೆಯ ಶಿಸ್ತಿನ ನಡಿಗೆಯನ್ನೇ ಅಳೆಯುವ ಸ್ಪರ್ಧೆ ಇದು. ಇನ್ನೊಂದು ಕಡೆ, ನಮ್ಮ ಊರುಗಳ ಟಾಂಗಾ ಮತ್ತು ಮದುವೆ ಮೆರವಣಿಗೆಯ ಕುದುರೆಗಳೂ ಇವೆ. ಕುದುರೆಯ ಬಾಯಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು, ಗಾಯ ಮಾಡುವ ಯಾವುದೇ ಚೂಪಾದ ಸರಂಜಾಮು ಬಳಸುವುದನ್ನು 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. ಆದರೂ ಮುಳ್ಳಿನ ಕಡಿವಾಣ ಮಾಯವಾಗಿಲ್ಲ. ಗಿಜಿಗುಡುವ ಬೀದಿಯಲ್ಲಿ, ಬ್ಯಾಂಡು ಪಟಾಕಿಗಳ ನಡುವೆ ಕುದುರೆ ಬೆದರದಂತೆ ಕಲಿಸಲು ಬಡ ಮಾಲೀಕನಿಗೆ ಸಮಯವಿಲ್ಲ. ಮುಳ್ಳು ಆ ಸಮಯವನ್ನು ಉಳಿಸಿಕೊಡುತ್ತದೆ. ಪದಕದ ಅವಸರ, ಹೊಟ್ಟೆಪಾಡಿನ ಅವಸರ ಬೇರೆ ಬೇರೆಯಾದರೂ ಎರಡರ ಬೆಲೆ ತೆರುವ ಬಾಯಿ ಒಂದೇ.

ಹಾಗಾದರೆ ಪಟ್ಟಿ ಬೇಕೋ ಬೇಡವೋ? ಇಷ್ಟು ಕಾಲದ ವಾದ-ಪ್ರತಿವಾದದಿಂದ ಉಳಿದು ಬರುವುದು ಒಂದು ಸರಳ ಪರೀಕ್ಷೆ. ಪಟ್ಟಿಯನ್ನು ಬಿಚ್ಚಿ ನೋಡಬೇಕು. ಕಲಿತ ಕುದುರೆಯಾದರೆ ಪಟ್ಟಿ ಹೋದ ಮೇಲೂ ಅದೇ ನಡಿಗೆಯಲ್ಲಿ, ಬೆನ್ನು ಎತ್ತಿ, ಬಾಯಿ ಮೃದುವಾಗಿಟ್ಟು ನಡೆಯುತ್ತದೆ. ಅಂಥ ಪಟ್ಟಿ ಕಲಿಕೆಗೆ ಊರುಗೋಲಾಗಿತ್ತು. ಬಿಚ್ಚಿದೊಡನೆ ತಲೆ ಆಕಾಶ ನೋಡಿದರೆ, ಅಷ್ಟು ದಿನ ಕಂಡ ಬಾಗು ಕುದುರೆಯದಾಗಿರಲಿಲ್ಲ, ಪಟ್ಟಿಯದಾಗಿತ್ತು. ಬಿಚ್ಚುವ ದಿನವನ್ನೇ ಗೊತ್ತುಮಾಡದೆ ಕಟ್ಟಿದ ಪಟ್ಟಿಯಿಂದ ಕುದುರೆ ಏನನ್ನೂ ಕಲಿಯುವುದಿಲ್ಲ.